ಎರಡು ಸರೋವರಗಳ ನಡುವಿನ ಮ್ಯಾಡಿಸನ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿಯಾದ ಮ್ಯಾಡಿಸನ್ನಿಗೆ ಹೋಗುವವರು ಬೇಸಿಗೆಯ ಒಂದು ಶನಿವಾರವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮೆಂಡೋಟಾ ಮತ್ತು ಮೊನೋನಾ ಸರೋವರಗಳ ನಡುವಿನ ಕಿರಿದಾದ ನೆಲಪಟ್ಟಿಯ ಮೇಲೆ, 1917ರಲ್ಲಿ ಪೂರ್ಣಗೊಂಡ ಬಿಳಿ ಗ್ರಾನೈಟ್ ಗುಮ್ಮಟದ ಶಾಸನಭವನ ನಿಂತಿದೆ. ಅದರ ಸುತ್ತ ಅಂದು ಬೆಳಗಿನಿಂದಲೇ ರೈತರ ಸಂತೆ ನೆರೆದಿರುತ್ತದೆ. ಇಲ್ಲಿ ಮಾರುವವರು ತಾವೇ ಬೆಳೆದದ್ದನ್ನು ಅಥವಾ ತಯಾರಿಸಿದ್ದನ್ನು ಮಾತ್ರ ತರಬೇಕೆಂಬ ನಿಯಮವಿದೆ. ಜನರು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವ ರೂಢಿಯಿರುವುದರಿಂದ, ಪ್ರದಕ್ಷಿಣೆಯ ಅಭ್ಯಾಸವಿರುವ ನನ್ನ ಕಾಲುಗಳು ಮೊದಲ ಸಲ ಎದುರುದಿಕ್ಕಿಗೇ ಹೊರಟು ಹಲವರಿಗೆ ಅಡ್ಡವಾದವು.

ಚೀಸ್ ಕರ್ಡ್ ಎಂಬುದನ್ನು ಅಲ್ಲಿ ತಪ್ಪದೆ ಸವಿಯಬೇಕು. ಹೆಸರು ಕೇಳಿ ಮೊಸರೆಂದು ಭಾವಿಸಬಾರದು. ಅವು ಇನ್ನೂ ಅಚ್ಚಿಗೊತ್ತದ ಚೀಸಿನ ಬೆರಳುದ್ದದ ತುಣುಕುಗಳು, ತಾಜಾ ಆಗಿದ್ದರೆ ಕಚ್ಚಿದೊಡನೆ ಹಲ್ಲಿಗೆ ಉಜ್ಜಿ ಕಿರ್ರೆನ್ನುತ್ತವೆ. ಹಾಲಿನ ಕೊಬ್ಬನ್ನು ಅಳೆಯುವ ವಿಧಾನವನ್ನು 1890ರಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ರೂಪಿಸಿದ್ದು ಇಲ್ಲಿನ ವಿಶ್ವವಿದ್ಯಾಲಯದಲ್ಲಿಯೇ. ಅವರ ಹೆಸರಿನ ಡೈರಿ ಕಟ್ಟಡದಲ್ಲಿ ಐಸ್‌ಕ್ರೀಮ್ ದೊರೆಯುತ್ತದೆ.

ಅದನ್ನು ಮುಗಿಸಿ, ಸಂಜೆ ಮೆಂಡೋಟಾದ ದಡದಲ್ಲಿರುವ ವಿದ್ಯಾರ್ಥಿ ಒಕ್ಕೂಟದ ತೆರೆದ ಜಗಲಿಯಲ್ಲಿ, ಬೆನ್ನಿಗೆ ಸೂರ್ಯಕಿರಣದ ವಿನ್ಯಾಸವಿರುವ ಬಣ್ಣದ ಲೋಹದ ಕುರ್ಚಿಯೊಂದನ್ನು ಹಿಡಿದು ಕುಳಿತರೆ, ಹಾಯಿದೋಣಿಗಳು ಒಂದೊಂದಾಗಿ ದಡಕ್ಕೆ ಮರಳುವುದು ಕಾಣುತ್ತದೆ.