ಲೀಡ್ಸ್‌ನಲ್ಲಿ ಎರಡು ಸೆಕೆಂಡು

ಇಂಗ್ಲೆಂಡಿನ ಲೀಡ್ಸ್ ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಏರ್ ನದಿ, ಅದರ ಮೇಲೊಂದು ಹಳೇ ಕಬ್ಬಿಣದ ಸೇತುವೆ. "ಅಲ್ಲಿ ನೋಡೋಕೆ ಏನಿದೆ?" ಅಂತ ಅಕ್ಕ ಕೇಳಿದ್ದಳು. ನಾನು ಹುಡುಕಿಕೊಂಡು ಹೋಗಿದ್ದು ಸೇತುವೆಯ ಮೂಲೆಯ ಕಟ್ಟಡದಲ್ಲಿರುವ ಒಂದು ನೀಲಿ ಫಲಕವನ್ನು. ಆ ಕಟ್ಟಡ ಒಂದು ಕಾಲಕ್ಕೆ ಕಬ್ಬಿಣದ ಸಾಮಾನಿನ ಅಂಗಡಿ. 1888ರಲ್ಲಿ ಅದರ ಮೇಲಿನ ಕಿಟಕಿಯಲ್ಲಿ ಕ್ಯಾಮೆರಾ ಇಟ್ಟು, ಸಿನಿಮಾ ಕಂಡುಹಿಡಿದ ಮೊದಲಿಗರಲ್ಲಿ ಒಬ್ಬರಾದ ಲೂಯಿ ಲೆ ಪ್ರಿನ್ಸ್ ಈ ರಸ್ತೆಯ ಚಲಿಸುವ ಚಿತ್ರ ತೆಗೆದರು. ಕುದುರೆ ಗಾಡಿಗಳು, ಅವಸರದಲ್ಲಿ ದಾಟುವ ಜನ. ಈಗ ಬಸ್ಸುಗಳು. ಫಲಕದ ಕಡೆ ತಲೆ ಎತ್ತಿದವರು ಒಬ್ಬರೂ ಕಾಣಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು.

ಲೂಮಿಯೆರ್ ಸಹೋದರರು ಪ್ಯಾರಿಸ್‌ನಲ್ಲಿ ದುಡ್ಡು ಕೊಟ್ಟು ಬಂದವರಿಗೆ ಸಿನಿಮಾ ತೋರಿಸಿದ್ದು 1895ರ ಡಿಸೆಂಬರ್‌ನಲ್ಲಿ. ಮುಂದಿನ ಜುಲೈ ಹೊತ್ತಿಗೆ ಅವರ ಚಿತ್ರಗಳು ಮುಂಬಯಿಗೂ ಬಂದವು. ನಮಗೆಲ್ಲ ಗೊತ್ತಿರುವ ಹೆಸರು ಅವರದೇ. ಲೆ ಪ್ರಿನ್ಸ್ ಅವರಿಗಿಂತ ಏಳು ವರ್ಷ ಮುಂದಿದ್ದರು.

ಅವರು ಹುಟ್ಟಿದ್ದು ಫ್ರಾನ್ಸ್‌ನ ಮೆಟ್ಜ್‌ನಲ್ಲಿ, 1841ರಲ್ಲಿ. ಗೆಳೆಯ ಜಾನ್ ವಿಟ್ಲಿ ಕರೆದ ಅಂತ ಲೀಡ್ಸ್‌ಗೆ ಬಂದರು. ಅವನ ತಂಗಿ ಲಿಜ್ಜಿಯನ್ನೇ ಮದುವೆಯಾದರು. ಕೆಲಸದ ಕೋಣೆ ಇದ್ದದ್ದು ವುಡ್‌ಹೌಸ್ ಲೇನ್‌ನಲ್ಲಿ. ಅಲ್ಲೂ ಒಂದು ಫಲಕವಿದೆ, ಅಷ್ಟೇ.

ಮರುದಿನ ಬಸ್ ಹತ್ತಿ ರೌಂಡ್‌ಹೇ ಕಡೆ ಹೋದೆ. ಓಕ್‌ವುಡ್ ಗ್ರೇಂಜ್ ಎಂಬ ವಿಟ್ಲಿ ಕುಟುಂಬದ ಮನೆ ಇದ್ದ ಜಾಗ. ಆ ಮನೆ ಈಗಿಲ್ಲ. ಹೆಸರು ಮಾತ್ರ ರಸ್ತೆಗೆ ಉಳಿದಿದೆ. 1888ರ ಅಕ್ಟೋಬರ್ 14ರಂದು ಲೆ ಪ್ರಿನ್ಸ್ ಇಲ್ಲಿನ ತೋಟದಲ್ಲಿ ಮನೆಯವರನ್ನು ನಿಲ್ಲಿಸಿ, ನಡೆದಾಡಿ ಅಂದರು. ಮಗ ಅಡಾಲ್ಫ್, ಅತ್ತೆ ಸಾರಾ, ಮಾವ ಜೋಸೆಫ್, ಜೊತೆಗೆ ಹಾರ್ಟ್ಲಿ ಎಂಬ ಹೆಂಗಸು. ಉಳಿದಿರುವುದು 20 ಚಿತ್ರಗಳು, ಓಡಿಸಿದರೆ ಸುಮಾರು ಎರಡು ಸೆಕೆಂಡು.

ರಸ್ತೆ ಬದಿ ನಿಂತು ಫೋನಿನಲ್ಲಿ ಅದನ್ನೇ ಮತ್ತೆ ಮತ್ತೆ ಹಾಕಿ ನೋಡಿದೆ. ಮಾವ ತಿರುಗುವಾಗ ಕೋಟಿನ ತುದಿ ಹಾರುತ್ತದೆ. ಅತ್ತೆ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಾರೆ, ಅಳಿಯ ಹೇಳಿದ ಅಂತ. ಎಷ್ಟು ಆಪ್ತವಾದ ದೃಶ್ಯ, ಅಲ್ವಾ? ಹತ್ತೇ ದಿನಕ್ಕೆ, ಅಕ್ಟೋಬರ್ 24ಕ್ಕೆ, ಸಾರಾ ತೀರಿಕೊಂಡರು. ಅವರ ಆ ನಡಿಗೆ ಮಾತ್ರ ಇನ್ನೂ ನಿಂತಿಲ್ಲ.

ಆ ಕ್ಯಾಮೆರಾ ಪಕ್ಕದ ಬ್ರಾಡ್‌ಫರ್ಡ್‌ನ ವಿಜ್ಞಾನ ಮತ್ತು ಮಾಧ್ಯಮ ಮ್ಯೂಸಿಯಂಗೆ ಸೇರಿದ್ದು. ಮೂರನೇ ದಿನ ಅಲ್ಲಿಗೆ. ಅಜ್ಜಿ ಮನೆಯ ಸಂದೂಕದಂಥ ಮರದ ಪೆಟ್ಟಿಗೆ. ಮರಗೆಲಸ ಮಾಡಿದ್ದು ಫ್ರೆಡರಿಕ್ ಮೇಸನ್, ಯಂತ್ರದ ಕೆಲಸಕ್ಕೆ ಜೇಮ್ಸ್ ಲಾಂಗ್ಲಿ, ಇಬ್ಬರೂ ಲೀಡ್ಸ್‌ನವರೇ. ಈ ಹೆಸರುಗಳನ್ನು ಬೇಕಂತಲೇ ಬರೆಯುತ್ತಿದ್ದೇನೆ. ಒಳಗೆ ಓಡಿದ್ದು ಕಾಗದದ ಸುರುಳಿ. ಚಿತ್ರ ತೆಗೆಯಲು ಅದು ಸಾಕಾಯಿತು. ಆದರೆ ಕಾಗದದ ಮೂಲಕ ಬೆಳಕು ಹಾಯಿಸಿ ಪರದೆ ಮೇಲೆ ತೋರಿಸುವುದು ಹೇಗೆ? ಲೆ ಪ್ರಿನ್ಸ್ ಒದ್ದಾಡಿದ್ದೆಲ್ಲ ಅಲ್ಲೇ.

ಮೊದಲ ಪ್ರದರ್ಶನಕ್ಕೆ ಅಂತ ಲಿಜ್ಜಿ ನ್ಯೂಯಾರ್ಕ್‌ನಲ್ಲಿ ಒಂದು ದೊಡ್ಡ ಹಳೇ ಬಂಗಲೆ ಬಾಡಿಗೆಗೆ ಹಿಡಿದಿದ್ದರು. ಫ್ರಾನ್ಸ್‌ನಲ್ಲಿ ಅಣ್ಣನನ್ನು ನೋಡಲು ಹೋದ ಲೆ ಪ್ರಿನ್ಸ್, 1890ರ ಸೆಪ್ಟೆಂಬರ್ 16ರಂದು ಡಿಜಾನ್‌ನಲ್ಲಿ ಪ್ಯಾರಿಸ್ ರೈಲು ಹತ್ತಿದರು ಅನ್ನುವುದೇ ಅವರ ಕೊನೆಯ ಸುದ್ದಿ. ಸಾಮಾನೂ ಸಿಗಲಿಲ್ಲ. ಲಿಜ್ಜಿ ಕಾಯುತ್ತಲೇ ಇದ್ದರು. ಮಗ ಅಡಾಲ್ಫ್ ಅಪ್ಪನ ಕೆಲಸದ ಬಗ್ಗೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಆ ಮೊಕದ್ದಮೆಯಲ್ಲಿ ಎದುರಿಗಿದ್ದದ್ದು, ಸಿನಿಮಾ ಕ್ಯಾಮೆರಾ ತಮ್ಮದೇ ಆವಿಷ್ಕಾರ ಅನ್ನುತ್ತಿದ್ದ ಎಡಿಸನ್.

ಬ್ರಾಡ್‌ಫರ್ಡ್‌ನಿಂದ ಲೀಡ್ಸ್‌ಗೆ ಸುಮಾರು ಇಪ್ಪತ್ತು ನಿಮಿಷದ ದಾರಿ. ಸೀಟಿನಲ್ಲಿ ಕೂತ ತಕ್ಷಣ ಅಕ್ಕನಿಗೆ ಮೆಸೇಜ್ ಕಳಿಸಿದೆ: "ರೈಲು ಹತ್ತಿದೆ, ಬರ್ತಾ ಇದ್ದೀನಿ."