ಮೇಲಿನ ಮಹಡಿ ಆಮೇಲೆ ಕಟ್ಟೋಣ

ನನ್ನ ತಮ್ಮ ಬೆಂಗಳೂರಿನ 30-40 ಅಡಿ ಸೈಟಿನಲ್ಲಿ ಡ್ಯೂಪ್ಲೆಕ್ಸ್, ಅಂದರೆ ಒಳಗೇ ಮೆಟ್ಟಿಲಿರುವ ಎರಡು ಮಹಡಿಯ ಮನೆ, ಕಟ್ಟಿಸಲು ಹೊರಟಿದ್ದಾನೆ. ಅವನ ಕಂಪನಿಯಲ್ಲೋ ಜನರನ್ನು ತೆಗೆಯುತ್ತಿದ್ದಾರೆ. ನನಗೆ ನಿಜಕ್ಕೂ ಭಯ. ರೆಪೋ ದರ ಅಂದರೆ ಬ್ಯಾಂಕುಗಳಿಗೆ ಆರ್‌ಬಿಐ ಕೊಡುವ ಸಾಲದ ಬಡ್ಡಿ; ಅದು ಏರಿದರೆ ಮನೆ ಸಾಲದ ಬಡ್ಡಿಯೂ ಏರುತ್ತದೆ. 2022ರ ಏಪ್ರಿಲ್‌ನಲ್ಲಿ 4% ಇದ್ದ ಈ ದರ 2023ರ ಫೆಬ್ರವರಿಗೆ 6.5% ಆಯಿತು. ಎಷ್ಟೋ ಜನರಿಗೆ ಇಎಂಐ ಅಷ್ಟೇ ಇದ್ದರೂ ಸಾಲದ ವರ್ಷಗಳು ಬೆಳೆದವು.

ನಮ್ಮ ಹಳೇ ಬಡಾವಣೆಗಳಲ್ಲಿ ತಾರಸಿ ಮೇಲೆ ಪಿಲ್ಲರ್ ಕಂಬಿ ಹಾಗೇ ಬಿಟ್ಟಿರುತ್ತಾರೆ, ನೋಡಿದ್ದೀರಲ್ವಾ? ದುಡ್ಡು ಬಂದಾಗ ಮೇಲೆ ಕಟ್ಟುತ್ತಾರೆ. ಮೆಟ್ಟಿಲು ಹೊರಗಿದ್ದರೆ ಆ ಮಹಡಿಯನ್ನು ಬಾಡಿಗೆಗೂ ಕೊಡಬಹುದು. ನನಗೆ ಈ ಕಾಲಕ್ಕೆ ಅದೇ ಒಳ್ಳೆ ಡಿಸೈನ್. ಪಾಯ ಮಾತ್ರ ಮೊದಲೇ ಎರಡು ಮಹಡಿಯ ಭಾರಕ್ಕೆ ಹಾಕಿಸಬೇಕು, ಅಲ್ಲಿ ಉಳಿತಾಯ ಬೇಡ. ಬಿಟ್ಟ ಕಂಬಿಗೆ ತುಕ್ಕು ಹಿಡಿಯದ ಹಾಗೆಯೂ ನೋಡಿಕೊಳ್ಳಬೇಕು.

ಭಾನುವಾರ ಇಂಜಿನಿಯರ್ ಬರುತ್ತಾರಂತೆ. ನಾನೂ ಹೋಗಿ ಮಾತಾಡುತ್ತೇನೆ.