ಎರಡು ನಾರುಗಳ ನಡುವಿನ ಸಂದು: ಕಾಂಪೋಸಿಟ್ ಸಿಮ್ಯುಲೇಶನ್, ಆರನೇ ವಾರ

ನಿನ್ನೆ ರಾತ್ರಿ ಕಂಪ್ಯೂಟರಿನಲ್ಲಿ 512ರ ಗ್ರಿಡ್ (ಒಂದೊಂದು ಬದಿಗೂ 512 ಸಣ್ಣ ಘನ) ಇಟ್ಟ ಮೊದಲ ರನ್ ಪೂರ್ತಿ ಆಯಿತು. ಬಿರುಕು ಎಲ್ಲಿ ಹುಟ್ಟಬಹುದು ಅನ್ನೋದು ಮೊದಲ ಸಲ ಕಣ್ಣಿಗೆ ಕಾಣಿಸಿತು. ಆ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಾನು ನೋಡುತ್ತಿರುವುದು ಕಾರ್ಬನ್ ನಾರು ಮತ್ತು ಎಪಾಕ್ಸಿ (ಗಟ್ಟಿಯಾಗುವ ಅಂಟು) ಸೇರಿದ ಕಾಂಪೋಸಿಟ್. ನಮ್ಮ ತೇಜಸ್ ವಿಮಾನದ ಮೈಕಟ್ಟಿನ ತೂಕದಲ್ಲಿ ಸುಮಾರು ಶೇ 45 ಕಾಂಪೋಸಿಟ್ಟೇ. ನಾರಿನ ಉದ್ದಕ್ಕೆ ಎಳೆದಾಗಿನ ಬಿಗಿತನ ತಿಳಿಯಲು ಕಾಗದ, ಪೆನ್ನು ಸಾಕು. ನಾರಿನದು 230 ಗಿಗಾಪಾಸ್ಕಲ್ (ಬಿಗಿತನದ ಅಳತೆ), ಎಪಾಕ್ಸಿಯದು 3. ನಾರು ಶೇ 60 ಇದ್ದರೆ ಹತ್ತಿರ ಹತ್ತಿರ 139 ಬರುತ್ತದೆ. ಕಷ್ಟ ಇರುವುದು ಅಡ್ಡಕ್ಕೆ ಎಳೆದಾಗ. ಪದರ ಪದರವಾಗಿ ಜೋಡಿಸಿದ ಹಲಗೆಯಲ್ಲೂ ಮೊದಲು ಬಿರುಕು ಬಿಡುವುದು ಅಡ್ಡ ಪದರವೇ.

ಮೊದಲ ಎರಡು ವಾರ ಕಂಪ್ಯೂಟರಿನ ಮಾದರಿಯಲ್ಲಿ ನಾರು ತುಂಬುವುದರಲ್ಲೇ ಹೋಯಿತು. 57 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಗಲದ ಚೌಕದಲ್ಲಿ 7 ಮೈಕ್ರಾನ್ ದಪ್ಪದ 50 ನಾರು ಕೂರಬೇಕು. ಸುಮ್ನೆ ಒಂದೊಂದನ್ನೇ ಎಲ್ಲೆಂದರಲ್ಲಿ ಇಡುತ್ತಾ ಹೋದರೆ ಶೇ 54ರ ಸುಮಾರಿಗೆ ಜಾಗವೇ ಉಳಿಯುವುದಿಲ್ಲ. ಸೇರಿಗೆ ಅಕ್ಕಿ ತುಂಬುವಾಗ ಕುಲುಕುತ್ತೇವಲ್ಲ, ಹಾಗೆ ಇಟ್ಟ ನಾರುಗಳನ್ನು ಅಷ್ಟಷ್ಟೇ ಸರಿಸುತ್ತಾ ಹೋದ ಮೇಲೆ 60 ಮುಟ್ಟಿತು.

ಲೆಕ್ಕಕ್ಕೆ ಬಳಸಿದ್ದು ಫಾಸ್ಟ್ ಫೂರಿಯೇ ಟ್ರಾನ್ಸ್‌ಫಾರ್ಮ್ ಎಂಬ ಗಣಿತದ ತಂತ್ರದ, ಅಂದರೆ ಎಫ್‌ಎಫ್‌ಟಿ ವಿಧಾನ. 1994ರಲ್ಲಿ ಫ್ರಾನ್ಸಿನ ಮೂಲಿನೆಕ್ ಮತ್ತು ಸುಕೆ ಇದನ್ನು ಮುಂದಿಟ್ಟರು. ನಾರುಗಳ ಆಕಾರಕ್ಕೆ ಹೊಂದುವ ಜಾಲ (ಮೆಶ್) ಹೆಣೆಯುವ ಗೋಜಿಲ್ಲ, ಸಣ್ಣ ಘನಗಳ ಗ್ರಿಡ್ ಸಾಕು. ಆದರೆ ಈ ವಿಧಾನದಲ್ಲಿ ಅದೇ ತುಂಡು ಎಲ್ಲ ಕಡೆ ಮರುಕಳಿಸುತ್ತದೆ. ಅಚ್ಚು ಹಾಕಿದ ಬಟ್ಟೆಯ ಚಿತ್ತಾರದಂತೆ, ಬಲಕ್ಕೆ ಹೊರಹೋದ ನಾರು ಎಡದಿಂದ ಒಳಗೆ ಬರಲೇಬೇಕು. ಮೂರನೇ ವಾರ ನಾನು ಇದನ್ನು ಮರೆತು ಅಂಚಿನ ನಾರುಗಳನ್ನು ಕತ್ತರಿಸಿಬಿಟ್ಟಿದ್ದೆ. ಸ್ಟ್ರೆಸ್ (ವಸ್ತುವಿನೊಳಗಿನ ಒತ್ತಡ) ಎಲ್ಲ ಅಂಚಿನಲ್ಲೇ ಗುಡ್ಡೆ ಬಿದ್ದಾಗ ತಪ್ಪು ಗೊತ್ತಾಯಿತು. ಆ ವಾರದ ಫಲಿತಾಂಶಗಳನ್ನೆಲ್ಲ ಅಳಿಸಿದೆ.

ನಾರುಗಳು ಪೂರ್ತಿ ನೇರ ಇರುವುದಿಲ್ಲ, ಸ್ವಲ್ಪ ಬಳುಕುತ್ತವೆ. ಹಾಗಾಗಿ ಒಂದು ಅಡ್ಡಸೀಳು ನೋಡಿದರೆ ಸಾಲದು, ಉದ್ದವೂ ಬೇಕು. 256ರ ಗ್ರಿಡ್ ನನ್ನ 16 ಜಿಬಿ ಲ್ಯಾಪ್‌ಟಾಪಿನಲ್ಲೇ ಓಡಿತು. 512ಕ್ಕೆ ಹೋದರೆ 13.4 ಕೋಟಿ ಘನಗಳು. ಸ್ಟ್ರೆಸ್ ಒಂದನ್ನು ಇಟ್ಟುಕೊಳ್ಳಲೇ 6.4 ಜಿಬಿ ಬೇಕು, ಉಳಿದದ್ದು ಬೇರೆ. ಅಲ್ಲಿಂದ ಸೂಪರ್‌ಕಂಪ್ಯೂಟರ್ ಬೇಕಾಯಿತು. ಅದರೊಳಗಿನ ನಾಲ್ಕು ಬಿಡಿ ಕಂಪ್ಯೂಟರ್‌ಗಳಲ್ಲಿ, ಅಂದರೆ ನೋಡ್‌ಗಳಲ್ಲಿ ಐದು ಗಂಟೆ ಹಿಡಿಯಿತು. ಎಂಟಕ್ಕೆ ಏರಿಸಿದರೆ ಅರ್ಧಕ್ಕೆ ಇಳಿಯಲಿಲ್ಲ, ಮೂರೂವರೆ ಗಂಟೆ ಆಯಿತು. ಎಫ್‌ಎಫ್‌ಟಿಯ ಪ್ರತಿ ಸುತ್ತಿನಲ್ಲೂ ಎಲ್ಲ ನೋಡ್‌ಗಳು ಒಂದಕ್ಕೊಂದು ಡೇಟಾ ಕಳಿಸಬೇಕು. ಸಮಯ ಅಲ್ಲೇ ಜಾಸ್ತಿ ಹೋಗುತ್ತದೆ.

ಈಗ ಫಲಿತಾಂಶ. ಅಡ್ಡಕ್ಕೆ ಎಳೆದಾಗಿನ ಬಿಗಿತನ 256ರಲ್ಲಿ 8.0 ಗಿಗಾಪಾಸ್ಕಲ್, 512ರಲ್ಲಿ 7.9. ಇಷ್ಟೇ ನೋಡಿದ್ದರೆ ಲ್ಯಾಪ್‌ಟಾಪೇ ಸಾಕಿತ್ತು ಅನ್ನಿಸುತ್ತಿತ್ತು. ಆದರೆ ಎರಡು ನಾರು ತೀರಾ ಹತ್ತಿರ ಬಂದ ಕಡೆ ನಡುವೆ ಉಳಿಯುವುದು 0.3 ಮೈಕ್ರಾನ್ ಎಪಾಕ್ಸಿ. 256ರ ಗ್ರಿಡ್‌ನಲ್ಲಿ ಆ ಸಂದಿಗೆ ಸಿಕ್ಕಿದ್ದು ಒಂದೇ ಘನ. 512ರಲ್ಲಿ ಮೂರು ಸಿಕ್ಕವು. ಅಲ್ಲಿನ ಸ್ಟ್ರೆಸ್ ಸರಾಸರಿಯ 1.6 ಪಟ್ಟು ಇದ್ದದ್ದು 2.1 ಪಟ್ಟು ಆಯಿತು. ಕಾಂಪೋಸಿಟ್ ಬಿರುಕು ಬಿಡುವುದು ಸರಾಸರಿ ನೋಡಿ ಅಲ್ಲ, ಇಂಥ ಸಂದು ನೋಡಿ. ಮೂರು ಘನವೂ ಸಾಲದು ಅಂತ ನನಗೆ ಅನ್ನಿಸುತ್ತಿದೆ. 768ಕ್ಕೆ ಹೋಗಲೇಬೇಕು.

ಅದಕ್ಕೂ ಮೊದಲು ಇನ್ನೊಂದು ಸೇರಿಸಬೇಕು. ಬಿಸಿಯಲ್ಲಿ ಗಟ್ಟಿಯಾದ ಎಪಾಕ್ಸಿ ತಣ್ಣಗಾಗುವಾಗ ನಾರಿಗಿಂತ ತುಂಬಾ ಜಾಸ್ತಿ ಕುಗ್ಗುತ್ತದೆ. ಯಾರೂ ಎಳೆಯುವ ಮೊದಲೇ ಒಳಗೆ ಸ್ಟ್ರೆಸ್ ಕೂತಿರುತ್ತದೆ. 100 ಡಿಗ್ರಿ ತಣ್ಣಗಾಗಿಸಿ ಆಮೇಲೆ ಎಳೆಯುವ ಜಾಬ್ ಇವತ್ತು ಬೆಳಿಗ್ಗೆ ಸೂಪರ್‌ಕಂಪ್ಯೂಟರಿಗೆ ಹಾಕಿದ್ದೇನೆ. ಸರದಿಯಲ್ಲಿದೆ.